ಚರ್ಮ ದಾಟಿ ಬರುವ ವಿದ್ಯುತ್ತು

ಕಾಕ್ಲಿಯರ್ ಇಂಪ್ಲಾಂಟ್ (ಶ್ರವಣ ನರವನ್ನು ವಿದ್ಯುತ್ತಿನಿಂದ ತಟ್ಟಿ ಕಿವುಡರಿಗೆ ಸದ್ದು ತಿಳಿಸುವ ಸಾಧನ) ಇರುವ ಮಗುವಿಗೆ ಜೋಗುಳ ಹಾಡುವ ತಾಯಿ, ಮಗು ನಿದ್ದೆಹೋದ ಮೇಲೆಯೇ ಅದರ ಕಿವಿಯ ಹಿಂದಿನ ಯಂತ್ರವನ್ನು ಬಿಚ್ಚಿಡಬೇಕು. ಬಿಚ್ಚಿದ ಕ್ಷಣದಿಂದ ಮಗುವಿಗೆ ಏನೂ ಕೇಳಿಸದು. ತಲೆಯೊಳಗೆ ಕೂರಿಸಿದ ಭಾಗಕ್ಕೆ ಸ್ವಂತ ಬ್ಯಾಟರಿಯೇ ಇಲ್ಲ; ಹೊರಗಿನ ತಂತಿಸುರುಳಿಯಿಂದ ಚರ್ಮ ದಾಟಿ ಬರುವ ವಿದ್ಯುತ್ತೇ ಅದರ ಉಸಿರು. ತಂತಿಯಿಲ್ಲದ ಚಾರ್ಜಿಂಗ್ ಎಂದರೆ ಮೊಬೈಲ್ ನೆನಪಾಗುವ ಈ ಕಾಲದಲ್ಲಿ, ಕಿವಿಯ ವೈದ್ಯರು ಇದೇ ತತ್ತ್ವವನ್ನು 1957ರಲ್ಲೇ ಬಳಸಿದ್ದರು ಎಂಬುದನ್ನು ಹೇಳಲೇಬೇಕು.

ಆ ವರ್ಷದ ಫೆಬ್ರುವರಿ 25ರಂದು ಪ್ಯಾರಿಸ್ಸಿನಲ್ಲಿ ಆಂಡ್ರೆ ಜುರ್ನೊ ಮತ್ತು ಶಾರ್ಲ್ ಏರಿಯೆಸ್ ಪೂರ್ತಿ ಕಿವುಡಾಗಿದ್ದ ರೋಗಿಯೊಬ್ಬರ ತಲೆಯೊಳಗೆ ಪುಟ್ಟ ಸುರುಳಿಯೊಂದನ್ನು ಇಟ್ಟರು. ಹೊರಗೆ ಇನ್ನೊಂದು ಸುರುಳಿ. ಫ್ಯಾರಡೆ 1831ರಲ್ಲಿ ಕಂಡುಕೊಂಡ ಪ್ರೇರಣೆಯ ನಿಯಮದಂತೆ ಹೊರಗಿನದರಲ್ಲಿ ಏರಿಳಿದ ವಿದ್ಯುತ್ತು ಒಳಗಿನದನ್ನು ಮಿಡಿಸಿ ಶ್ರವಣ ನರವನ್ನು ತಟ್ಟಿತು. ರೋಗಿಗೆ ಸದ್ದಿನ ಲಯ ತಿಳಿಯಿತು, ಕೆಲವೇ ಕೆಲವು ಪದಗಳ ಗುರುತೂ ಸಿಕ್ಕಿತು. ಸ್ವಲ್ಪ ಕಾಲದಲ್ಲೇ ಸಾಧನ ಕೆಟ್ಟುಹೋಯಿತು. ಆದರೆ ದಾರಿ ಕಂಡಿತ್ತು.

ಬೇರೆ ದಾರಿಯನ್ನು ಹಿಡಿದವರೂ ಇದ್ದರು. ಅಮೆರಿಕದ ಇನೆರೇಡ್ ಎಂಬ ಸಾಧನದಲ್ಲಿ ಚರ್ಮವನ್ನೇ ಸೀಳಿ ಹೊರಬಂದ ಪ್ಲಗ್ ಇತ್ತು. ವಿದ್ಯುತ್ತು ಸೋರದೆ ನೇರ ಒಳಗೆ ಹೋಗುತ್ತಿತ್ತು, ನಿಜ. ಸೋಂಕೂ ಅದೇ ಬಾಗಿಲಿನಿಂದ ಒಳಗೆ ಹೋಗಬಹುದಿತ್ತು. ಮೆಲ್ಬರ್ನ್‌ನಲ್ಲಿ ಗ್ರೇಮ್ ಕ್ಲಾರ್ಕ್ 1978ರ ಆಗಸ್ಟ್ 1ರಂದು ಅಳವಡಿಸಿದ ಬಹುವಾಹಿನಿ ಸಾಧನವು (ನರವನ್ನು ಹಲವು ಕಡೆ ಬೇರೆಬೇರೆಯಾಗಿ ತಟ್ಟುವಂಥದ್ದು) ಚರ್ಮವನ್ನು ಮುಚ್ಚಿಯೇ ಇಟ್ಟಿತು. ಕೊನೆಗೆ ಉಳಿದದ್ದು ಈ ದಾರಿಯೇ: ಎರಡು ಸುರುಳಿ, ಅವನ್ನು ಎದುರುಬದುರು ಹಿಡಿದಿಡುವ ಅಯಸ್ಕಾಂತ, ಒಂದೇ ರೇಡಿಯೊ ಅಲೆಯಲ್ಲಿ ಸದ್ದಿನ ಮಾಹಿತಿ ಮತ್ತು ವಿದ್ಯುತ್ತು ಎರಡೂ.

ಹಾಗಾದರೆ ಬ್ಯಾಟರಿಯನ್ನೂ ಒಳಗೇ ಇಟ್ಟು, ದಿನಕ್ಕೊಮ್ಮೆ ಹೊರಗಿನಿಂದ ತುಂಬಿಸಿದರೆ ಆಗದೇ? 1958ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಆರ್ನೆ ಲಾರ್ಸನ್ ಎಂಬವರಿಗೆ ಇಟ್ಟ ಮೊದಲ ಪೇಸ್‌ಮೇಕರ್ ಹೀಗೆಯೇ ಪ್ರೇರಣೆಯಿಂದ ಚಾರ್ಜ್ ಆಗುತ್ತಿತ್ತು. ಮುಂದೆ ವರ್ಷಗಟ್ಟಲೆ ಬಾಳುವ ಲಿಥಿಯಂ ಕೋಶ ಬಂದಾಗ ಹೃದಯಕ್ಕೆ ಚಾರ್ಜಿಂಗ್ ಬೇಡವಾಯಿತು. ಕಿವಿಗೆ ಆ ಅನುಕೂಲವಿಲ್ಲ. ಹೃದಯಕ್ಕೆ ಆಗಾಗ ಒಂದು ಮಿಡಿತ ಸಾಕು. ಕಾಕ್ಲಿಯರ್ ಇಂಪ್ಲಾಂಟ್ ಪ್ರತಿ ಸೆಕೆಂಡಿಗೆ ಸಾವಿರಾರು ಮಿಡಿತಗಳನ್ನು ಕಳಿಸುತ್ತಲೇ ಇರಬೇಕು.

ಚಾರ್ಜ್ ಮಾಡುವಾಗ ಶಾಖವೂ ಹುಟ್ಟುತ್ತದೆ. ಇಂಪ್ಲಾಂಟಿನ ಹೊರಮೈ ದೇಹದ ಉಷ್ಣತೆಗಿಂತ 2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಬಾರದೆಂಬುದು ಸಾಮಾನ್ಯ ಮಿತಿ. ಹೊರಗೆ ಏನೂ ಬೇಡವೆಂದರೆ ಮೈಕ್ರೊಫೋನನ್ನೂ ಒಳಗಿಡಬೇಕು; ಅದನ್ನು ಚರ್ಮದಡಿ ಇಟ್ಟರೆ ಅಗಿಯುವ, ನುಂಗುವ, ಉಸಿರಾಡುವ ಸದ್ದೆಲ್ಲ ದೊಡ್ಡದಾಗಿ ಕೇಳುತ್ತದೆ. ಇಂಥ ಪೂರ್ಣ ಒಳಗಿನ ಸಾಧನವನ್ನು ಮೆಲ್ಬರ್ನ್ ತಂಡ ಮೂವರು ವಯಸ್ಕರ ಮೇಲೆ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಈ ತೊಡಕು ಕಂಡಿತು. ಆದರೂ ಹೊರಗಿನ ಯಂತ್ರವಿಲ್ಲದೆ ಹಾಸಿಗೆಯಲ್ಲೂ ಸ್ನಾನದಲ್ಲೂ ಕೇಳಿಸಿತಲ್ಲ, ಅದನ್ನು ಸಣ್ಣದೆನ್ನಲು ನನಗೆ ಮನಸ್ಸು ಬಾರದು. 2020ರಲ್ಲಿ ಬೆಲ್ಜಿಯಂನ ಲಿಯೆಜ್‌ನಲ್ಲಿ ಮೆಡ್-ಎಲ್ ಕಂಪನಿಯ ಪೂರ್ಣ ಒಳಗಿನ ಸಾಧನವನ್ನು ಅಳವಡಿಸಿ ಪರೀಕ್ಷೆ ಮುಂದುವರಿಸಿದರು.

ನನ್ನ ಚಿಂತೆ ಮಕ್ಕಳದು. ಚಾರ್ಜ್ ಆಗುವ ಯಾವ ಬ್ಯಾಟರಿಯೂ ವರ್ಷ ಕಳೆದಂತೆ ಸೊರಗುತ್ತದೆ. ಹೊರಗಿನ ಯಂತ್ರದ ಬ್ಯಾಟರಿ ಸತ್ತರೆ ಮನೆಯಲ್ಲೇ ಬದಲಿಸಬಹುದು, ಹೊಸ ಯಂತ್ರ ಬಂದರೆ ಅದನ್ನೇ ತೊಡಿಸಬಹುದು. ತಲೆಯೊಳಗಿನದು ಸತ್ತರೆ ಮತ್ತೆ ಶಸ್ತ್ರಚಿಕಿತ್ಸೆ. ಒಂದು ವರ್ಷದ ಕೂಸಿಗೆ ಇಡುವ ಸಾಧನದ ಮುಂದೆ ಎಪ್ಪತ್ತೆಂಬತ್ತು ವರ್ಷಗಳ ಬಾಳಿದೆ.