ಬಣ್ಣ ಆರಿಸುವ ಮೊದಲು ತಿಳಿ-ಗಾಢ ನೋಡಿ

ಕಲಿಯಲು ಬರುವವರು ನನ್ನನ್ನು ಅತಿ ಜಾಸ್ತಿ ಕೇಳುವ ಪ್ರಶ್ನೆ, "ಈ ಬಣ್ಣಕ್ಕೆ ಯಾವ ಬಣ್ಣ ಹೊಂದುತ್ತೆ?" ಚಿತ್ರ ಬರೆಯುವವರೂ ಕೇಳುತ್ತಾರೆ, ಪೋಸ್ಟರ್ ಮಾಡುವವರೂ ಕೇಳುತ್ತಾರೆ. ಉತ್ತರ ಕೊಡುವ ಮೊದಲು ನಾನು ಅವರ ಕೆಲಸದ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ ನೋಡುತ್ತೇನೆ. ಬಹಳ ಸಲ ತೊಂದರೆ ಅಲ್ಲೇ ಕಾಣುತ್ತದೆ. ಕೆಂಪು, ಹಸಿರು, ನೀಲಿ ಅಂತ ಇಷ್ಟೆಲ್ಲ ಬಳಸಿದ್ದರೂ ಎಲ್ಲವೂ ಒಂದೇ ಬೂದು ಆಗಿರುತ್ತದೆ. ಆ ಚಿತ್ರಕ್ಕೆ ಇನ್ನೊಂದು ಬಣ್ಣ ತಂದು ಸೇರಿಸಿದರೆ ಏನೂ ಸರಿಹೋಗುವುದಿಲ್ಲ.

ಒಂದು ಬಣ್ಣದಲ್ಲಿ ಮೂರು ಗುಣಗಳಿವೆ. ಕೆಂಪೋ ನೀಲಿಯೋ ಎನ್ನುವುದು ಹ್ಯೂ. ಎಷ್ಟು ತಿಳಿ, ಎಷ್ಟು ಗಾಢ ಎನ್ನುವುದು ವ್ಯಾಲ್ಯೂ. ಎಷ್ಟು ಕಡು, ಎಷ್ಟು ಮಂಕು ಎನ್ನುವುದು ಸ್ಯಾಚುರೇಷನ್. ಇಲ್ಲಿ ಕಡು ಎಂದರೆ ಗಾಢ ಅಲ್ಲ, ಬಣ್ಣದ ತೀವ್ರತೆ. ಅಮೆರಿಕದ ಕಲಾವಿದ, ಕಲಾ ಶಿಕ್ಷಕ ಆಲ್ಬರ್ಟ್ ಮನ್ಸೆಲ್ 1905ರಲ್ಲಿ ಇದನ್ನೇ ಅಳತೆಗೆ ತಂದರು. ಮೂರನೆಯದನ್ನು ಅವರು ಕ್ರೋಮಾ ಎಂದು ಕರೆದರು. ಅವರ ವ್ಯಾಲ್ಯೂ ಅಳತೆಯಲ್ಲಿ ಕಪ್ಪು 0, ಬಿಳಿ 10. ಅದರಲ್ಲಿ ಅತಿ ಕಡುವಾದ ಹಳದಿ ಸಿಗುವುದು 8ರ ಆಸುಪಾಸಿನಲ್ಲಿ. ಅತಿ ಕಡುವಾದ ಕೆಂಪು 4ರ ಸುತ್ತ. ಅಂದರೆ ಬಣ್ಣಗಳು ಹುಟ್ಟುವಾಗಲೇ ಬೇರೆಬೇರೆ ಎತ್ತರದಲ್ಲಿರುತ್ತವೆ. ಹಳದಿಯನ್ನು ಗಾಢ ಮಾಡುತ್ತಾ ಹೋದರೆ ಅದು ಹಳದಿಯಾಗಿ ಉಳಿಯುವುದೇ ಇಲ್ಲ, ಕಂದು ಅಥವಾ ಆಲಿವ್ ಹಸಿರಿನ ಕಡೆ ಜಾರುತ್ತದೆ.

ಪರದೆಯ ಮೇಲೆ ಇದೇ ಮಾತನ್ನು ಲೆಕ್ಕ ಹಾಕಿ ತೋರಿಸಬಹುದು. ಸಾಮಾನ್ಯ ಪರದೆಯ ಬಿಳಿಯಲ್ಲಿ ನಮ್ಮ ಕಣ್ಣಿಗೆ ಕಾಣುವ ಹೊಳಪಿನ ಸುಮಾರು ಶೇ 72ರಷ್ಟು ಹಸಿರಿನಿಂದ ಬರುತ್ತದೆ. ಕೆಂಪಿನಿಂದ ಶೇ 21, ನೀಲಿಯಿಂದ ಬರೀ ಶೇ 7. ಪರದೆಯ ಹಳದಿ ಎಂದರೆ ಕೆಂಪು ಮತ್ತು ಹಸಿರು ಬೆಳಕು ಸೇರಿದ್ದು. ಹಾಗಾಗಿ ಅದು ಹೆಚ್ಚುಕಡಿಮೆ ಬಿಳಿಯಷ್ಟೇ ಹೊಳೆಯುತ್ತದೆ. ಬಿಳಿ ಹಿನ್ನೆಲೆಯ ಮೇಲೆ ಶುದ್ಧ ಹಳದಿ ಅಕ್ಷರದ ಕಾಂಟ್ರಾಸ್ಟ್, ಅಂದರೆ ಎರಡರ ಹೊಳಪಿನ ಅನುಪಾತ, ಸುಮಾರು 1.07:1. ಅದನ್ನು ಓದುವುದು ಯಾರಿಂದಲೂ ಆಗದ ಕೆಲಸ. ಶುದ್ಧ ನೀಲಿ ಅಕ್ಷರಕ್ಕಾದರೆ 8.6:1. ವೆಬ್ ವಿನ್ಯಾಸದ ಮಾನದಂಡದ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5:1 ಬೇಕು, ದೊಡ್ಡ ಅಕ್ಷರಕ್ಕೆ 3:1. ಹಸಿರಿನ ಮೇಲೆ ಕೆಂಪು ಅಕ್ಷರ ಬರೆದರೆ ಎಷ್ಟು ಗೊತ್ತಾ? ಎರಡೂ ಶುದ್ಧ ಬಣ್ಣಗಳಾದರೂ 2.9:1 ಮಾತ್ರ. ಹ್ಯೂ ದೂರ ಇದೆ, ವ್ಯಾಲ್ಯೂ ಸಾಕಷ್ಟು ದೂರ ಇಲ್ಲ. ಅಕ್ಷರ ಓದಿಸುವುದು ವ್ಯಾಲ್ಯೂ.

ಕಪ್ಪು-ಬಿಳುಪು ಮಾಡಿ ನೋಡುವಾಗ ಒಂದು ಎಚ್ಚರಿಕೆ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಸುಮ್ನೆ ಸ್ಯಾಚುರೇಷನ್ ಸೊನ್ನೆಗೆ ಇಳಿಸಿದರೆ ಹಳದಿಯೂ ನೀಲಿಯೂ ಒಂದೇ ಬೂದು ಆಗಿಬಿಡುತ್ತವೆ. ಅದು ಕಣ್ಣಿನ ಲೆಕ್ಕ ಅಲ್ಲ. ಗ್ರೇಸ್ಕೇಲ್ ಆಯ್ಕೆಯನ್ನೇ ಬಳಸಿ.

ವ್ಯಾಲ್ಯೂ ಬೇಕೆಂದೇ ಸಮ ಮಾಡುವುದೂ ಒಂದು ಕಲೆ. ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆ 1872ರಲ್ಲಿ ಬರೆದ ಬಂದರಿನ ಸೂರ್ಯೋದಯದ ಚಿತ್ರದಲ್ಲಿ ಕಿತ್ತಳೆ ಸೂರ್ಯ ಎದ್ದು ಕಾಣುತ್ತಾನೆ. ಅದೇ ಚಿತ್ರವನ್ನು ಕಪ್ಪು-ಬಿಳುಪು ಮಾಡಿದರೆ ಸೂರ್ಯ ಸುತ್ತಲಿನ ಬೂದು ಆಕಾಶದಲ್ಲಿ ಬಹುತೇಕ ಕರಗಿಹೋಗುತ್ತಾನೆ. ಎರಡರ ಹೊಳಪೂ ಹೆಚ್ಚುಕಡಿಮೆ ಒಂದೇ. ಬೇರೆ ಇರುವುದು ಹ್ಯೂ ಮಾತ್ರ. ಆ ಸೂರ್ಯ ಮಿಡಿಯುವಂತೆ ಕಾಣುವುದು ಅದಕ್ಕೇ. ನನ್ನ ಪ್ರಕಾರ ಬಣ್ಣದ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ಇನ್ನು ಅಕ್ಕಪಕ್ಕದ ಮಾತು. ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಶೆಲ್ ಷೆವ್ರಲ್ 1824ರಲ್ಲಿ ಪ್ಯಾರಿಸ್‌ನ ಗೊಬ್ಲ್ಯಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥರಾದರು. ಅಲ್ಲಿನ ಕಪ್ಪು ನೂಲಿನ ಬಗ್ಗೆ ದೂರು ಬರುತ್ತಿತ್ತು, ಕಪ್ಪಿಗೆ ಕಸುವಿಲ್ಲ ಅಂತ. ಷೆವ್ರಲ್ ಪರೀಕ್ಷೆ ಮಾಡಿ ನೋಡಿದರೆ ಬಣ್ಣದಲ್ಲಿ ದೋಷವೇ ಇರಲಿಲ್ಲ. ಆ ಕಪ್ಪನ್ನು ನೀಲಿ, ನೇರಳೆ ನೂಲುಗಳ ಪಕ್ಕ ನೇಯುತ್ತಿದ್ದರು. ಕಪ್ಪು ಸೋತಂತೆ ಕಾಣುತ್ತಿದ್ದುದು ಆ ನೆರೆಯಿಂದ. 1839ರಲ್ಲಿ ಅವರು ಇದನ್ನು ನಿಯಮವಾಗಿಯೇ ಬರೆದರು: ಪಕ್ಕಪಕ್ಕ ಇಟ್ಟ ಎರಡು ಬಣ್ಣಗಳು ಹ್ಯೂನಲ್ಲೂ ಹೊಳಪಿನಲ್ಲೂ ಒಂದರಿಂದ ಒಂದು ದೂರ ಸರಿದಂತೆ ಕಾಣುತ್ತವೆ.

ನೀವೇ ಮಾಡಿ ನೋಡಿ. ಒಂದೇ ಬೂದು ಕಾಗದದಿಂದ ಎರಡು ಚಿಕ್ಕ ಚೌಕ ಕತ್ತರಿಸಿ. ಒಂದನ್ನು ದೊಡ್ಡ ಹಳದಿ ಹಾಳೆಯ ನಡುವೆ ಇಡಿ, ಇನ್ನೊಂದನ್ನು ಗಾಢ ನೇರಳೆಯ ನಡುವೆ. ಹಳದಿಯ ಮೇಲಿನ ಬೂದು ಸ್ವಲ್ಪ ನೇರಳೆಗೆ ತಿರುಗಿ ಗಾಢವಾಗಿ ಕಾಣುತ್ತದೆ. ನೇರಳೆಯ ಮೇಲಿನದು ತಿಳಿಯಾಗಿ, ಹಳದಿಯ ಕಡೆ ವಾಲಿದಂತೆ ಕಾಣುತ್ತದೆ. ಎರಡೂ ಒಂದೇ ಕಾಗದ ಎಂದು ಗೊತ್ತಿದ್ದರೂ ಕಣ್ಣು ಒಪ್ಪುವುದಿಲ್ಲ. ಪ್ಯಾಲೆಟ್ ಮೇಲೆ ಚೆನ್ನಾಗಿದ್ದ ಬಣ್ಣ ಚಿತ್ರದಲ್ಲಿ ಕೆಟ್ಟಂತೆ ಕಾಣುವುದಕ್ಕೆ ಇದೇ ಕಾರಣ. ಆಗ ಆ ಬಣ್ಣವನ್ನೇ ತಿದ್ದುತ್ತಾ ಕೂರಬೇಡಿ. ಅದರ ಪಕ್ಕದ್ದನ್ನು ಬದಲಿಸಿ ನೋಡಿ.

ಸ್ಯಾಚುರೇಷನ್ ವಿಷಯದಲ್ಲಿ ನನ್ನದು ಒಂದೇ ಬೇಡಿಕೆ. ಕಡು ಬಣ್ಣಕ್ಕೆ ಸ್ವಲ್ಪವೇ ಜಾಗ ಕೊಡಿ, ಉಳಿದದ್ದನ್ನು ಮಂಕು ಮಾಡಿ. ಮಂಕು ಮಾಡಲು ಕಪ್ಪು ಸುರಿಯಬೇಕಿಲ್ಲ. ವರ್ಣಚಕ್ರದಲ್ಲಿ, ಅಂದರೆ ಬಣ್ಣಗಳನ್ನು ವೃತ್ತವಾಗಿ ಜೋಡಿಸಿದ ಚಿತ್ರದಲ್ಲಿ, ಎದುರಿಗಿರುವ ಬಣ್ಣವನ್ನು ಚೂರು ಬೆರೆಸಿದರೆ ಸಾಕು. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿದರೆ ಬರುವ ಬೂದು, ಟ್ಯೂಬಿನ ಕಪ್ಪಿಗೆ ಬಿಳಿ ಬೆರೆಸಿದ ಬೂದಿಗಿಂತ ಎಷ್ಟೋ ಜೀವಂತವಾಗಿರುತ್ತದೆ.

ವರ್ಣಚಕ್ರ ಎಂದೆ. ಹೊಂದುವ ಬಣ್ಣ ಆರಿಸಲು ಮೂರು ಬಣ್ಣದ ಸೂತ್ರ, ನಾಲ್ಕು ಬಣ್ಣದ ಸೂತ್ರ ಅಂತ ಅದರಿಂದ ಬಹಳ ತೆಗೆಯುತ್ತಾರೆ. ಅವಕ್ಕೆ ಸಿಗಬೇಕಾದ್ದಕ್ಕಿಂತ ಜಾಸ್ತಿ ಬೆಲೆ ಸಿಕ್ಕಿದೆ ಎನ್ನುವುದು ನನ್ನ ಅಭಿಪ್ರಾಯ. ಚಕ್ರ ಕೆಲಸಕ್ಕೆ ಬರುವುದು ಬೆರೆಸುವಾಗ. ಕೆಂಪು-ನೀಲಿ ಬೆರೆಸಿದರೆ ನೇರಳೆ ಎಂದು ಎಲ್ಲರೂ ಕಲಿತಿರುತ್ತೇವೆ ಅಲ್ವಾ? ಆದರೆ ಕ್ಯಾಡ್ಮಿಯಂ ರೆಡ್ ಬಳಸಿದರೆ ಬರುವುದು ಕೆಸರಿನಂಥ ಕಂದು ನೇರಳೆ. ಆ ಕೆಂಪು ಕಿತ್ತಳೆಯ ಕಡೆ ವಾಲಿದೆ, ಅಂದರೆ ಹಳದಿಯೂ ಒಳಗೆ ಸೇರಿತು. ಹಳದಿ ನೇರಳೆಯ ಎದುರು ಬಣ್ಣ, ಅದು ನೇರಳೆಯನ್ನು ಕೊಲ್ಲುತ್ತದೆ. ಗುಲಾಬಿಯ ಕಡೆ ವಾಲಿದ ಕೆಂಪು, ಅಂದರೆ ಕ್ವಿನಾಕ್ರಿಡೋನ್ ಅಥವಾ ಕ್ರಿಮ್ಸನ್ ತೆಗೆದುಕೊಂಡರೆ ನೇರಳೆ ಶುಭ್ರವಾಗಿ ಬರುತ್ತದೆ.

ಬೆಳಕಿಗೆ ಬೇರೆ ಲೆಕ್ಕ. ಪೇಂಟು ಬೆಳಕನ್ನು ಹೀರುತ್ತದೆ, ಬೆರೆಸಿದಷ್ಟೂ ಗಾಢವಾಗುತ್ತದೆ. ಪರದೆ ಬೆಳಕನ್ನು ಸೇರಿಸುತ್ತದೆ. ಅಲ್ಲಿ ಹಳದಿಗೆ ನೀಲಿ ಸೇರಿದರೆ ಬಿಳಿ. ಮುದ್ರಣದಲ್ಲಿ ಸಯಾನ್, ಮಜೆಂಟಾ, ಹಳದಿ, ಕಪ್ಪು ಶಾಯಿಗಳು. ಪರದೆಯ ಹೊಳೆಯುವ ನೀಲಿ, ಹಸಿರುಗಳಲ್ಲಿ ಎಷ್ಟೋ ಈ ನಾಲ್ಕು ಶಾಯಿಗಳಿಗೆ ಸಿಗುವುದೇ ಇಲ್ಲ. ಅಚ್ಚಿಗೆ ಹೋಗುವ ಕೆಲಸವನ್ನು ಮೊದಲ ದಿನದಿಂದಲೇ ಮುದ್ರಣದ ಬಣ್ಣಗಳಲ್ಲಿ ನೋಡಿಕೊಳ್ಳಿ.

ಕೊನೆಯದಾಗಿ, ಕೆಂಪು-ಹಸಿರು ಬೇರೆ ಮಾಡಿ ನೋಡಲಾಗದವರು. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಇವರ ಪ್ರಮಾಣ ಸುಮಾರು ಶೇ 8, ಹೆಂಗಸರಲ್ಲಿ ಶೇ 0.5ರಷ್ಟು. ಲಾಭ ಹಸಿರು ಗೆರೆ, ನಷ್ಟ ಕೆಂಪು ಗೆರೆ ಎಂದು ಗ್ರಾಫ್ ಬರೆದರೆ ಇವರಿಗೆ ಎರಡೂ ಒಂದೇ ಥರ ಕಾಣಬಹುದು. ಒಂದು ಗೆರೆಯನ್ನು ತಿಳಿ ಮಾಡಿ, ಇನ್ನೊಂದನ್ನು ಗಾಢ ಮಾಡಿ. ಒಂದನ್ನು ತುಂಡುಗೆರೆಯಾಗಿ ಎಳೆಯಿರಿ. ಯಾವುದು ಲಾಭ, ಯಾವುದು ನಷ್ಟ ಎಂದು ಗೆರೆಯ ತುದಿಯಲ್ಲೇ ಬರೆಯಿರಿ.