ಭತ್ತದ ಹುಲ್ಲಿನ ಪಲ್ಪ್: ಉಳಿದ ಕಪ್ಪು ನೀರು ಎಲ್ಲಿಗೆ?

ಭತ್ತದ ಕೊಯ್ಲು ಮುಗಿಯುತ್ತಿದ್ದ ಹಾಗೆ ಈ ಫೋನ್ ಬಂದೇ ಬರುತ್ತದೆ: "ಸರ್, ನಮ್ಮ ಗಂಗಾವತಿ ಕಡೆ ಹುಲ್ಲನ್ನು ಸುಮ್ನೆ ಸುಡ್ತಾರೆ. ಪೇಪರ್ ಪಲ್ಪ್ ಮಾಡಬಹುದಲ್ವಾ?" ಮಾಡಬಹುದು. (ರಾಗಿ ಹುಲ್ಲು ಅಂದರೆ ಮಾತ್ರ ನಾನು ಮಾತು ಮುಂದುವರಿಸುವುದಿಲ್ಲ. ಅದು ದನದ ಊಟ.) ಪಲ್ಪ್ ಅಂದರೆ ಕಾಗದಕ್ಕೆ ಬೇಕಾದ ನಾರಿನ ಮುದ್ದೆ. ಅದನ್ನು ಮಾಡುವುದೇನೂ ದೊಡ್ಡ ಕಷ್ಟವಲ್ಲ. ಹುಲ್ಲು ಬೇಯಿಸಿದ ಮೇಲೆ ಉಳಿಯುವ ಕಪ್ಪು ನೀರನ್ನು ಏನು ಮಾಡುತ್ತೀರಿ ಅಂತ ನಾನು ತಿರುಗಿ ಕೇಳುತ್ತೇನೆ.

ಹುಲ್ಲಿನ ನಾರುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಲಿಗ್ನಿನ್. ಅದು ಕರಗಿದರೆ ನಾರು ಬಿಡಿಯಾಗುತ್ತದೆ. ಮರದಲ್ಲಿ ಲಿಗ್ನಿನ್ ಜಾಸ್ತಿ, ಅದಕ್ಕೆ 160–170 ಡಿಗ್ರಿ ಶಾಖ, ಒತ್ತಡ ಎರಡೂ ಬೇಕು. ಹುಲ್ಲು ಬೇಗ ಬೇಯುತ್ತದೆ. ಒಂದು ಕೆಜಿ ಒಣ ಹುಲ್ಲನ್ನು ಎರಡು ಬೆರಳಗಲ ಕತ್ತರಿಸಿ, ಮಣ್ಣು ತೊಳೆದು, ಸುಮಾರು 100 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿದ ನೀರಿನಲ್ಲಿ ಎರಡು ಮೂರು ಗಂಟೆ ಕುದಿಸಿದರೆ ಪರೀಕ್ಷೆಗೆ ಸಾಕು. ಪಾತ್ರೆ ಸ್ಟೀಲಿನದೇ ಆಗಬೇಕು, ಅಲ್ಯೂಮಿನಿಯಂ ಆದರೆ ಕಾಸ್ಟಿಕ್ ತಿಂದುಹಾಕುತ್ತದೆ. ಗ್ಲೌಸ್, ಕನ್ನಡಕ ಇಲ್ಲದೆ ಮುಟ್ಟಬೇಡಿ. ತಣ್ಣೀರಿಗೆ ಸೋಡಾವನ್ನು ಸ್ವಲ್ಪಸ್ವಲ್ಪವೇ ಹಾಕಿ. ಸೋಡಾದ ಮೇಲೆ ನೀರು ಸುರಿದರೆ ಸಿಡಿಯುತ್ತದೆ.

ಒಂದು ಕಡ್ಡಿ ತೆಗೆದು ಬೆರಳಲ್ಲಿ ಹಿಸುಕಿ ನೋಡಿ. ಉದ್ದುದ್ದ ಸೀಳಿಕೊಂಡರೆ ಬೆಂದಿದೆ. ಚೆನ್ನಾಗಿ ತೊಳೆದು, ಒಂದು ಚಿಟಿಕೆ ಪಲ್ಪನ್ನು ಗಾಜಿನ ಲೋಟದ ನೀರಿಗೆ ಹಾಕಿ ಕುಲುಕಿ, ಬೆಳಕಿಗೆ ಹಿಡಿಯಿರಿ. ನಾರು ಬಿಡಿಬಿಡಿಯಾಗಿ ತೇಲಬೇಕು. ಅಲ್ಲಲ್ಲಿ ಬೇಯದ ಚೂರು ಕಾಣುತ್ತದೆ. ಹೆಚ್ಚಿನ ಸಲ ಅದು ಹುಲ್ಲಿನ ಗೆಣ್ಣು. ಅದನ್ನು ಸೋಸದಿದ್ದರೆ ಹಾಳೆಯ ಮೇಲೆ ಚುಕ್ಕೆಯಾಗಿ ಕೂರುತ್ತದೆ.

ಇಷ್ಟು ನೋಡಿದವರಿಗೆ ಖುಷಿಯಾಗುತ್ತದೆ. ಪಕ್ಕದಲ್ಲೇ ಒಂದು ಬಕೆಟ್ ಕಾಫಿ ಡಿಕಾಕ್ಷನ್ನಿನಂಥ ನೀರು ಇರುತ್ತದೆ, ಅಲ್ವಾ? ಹುಲ್ಲಿನ ಹೆಚ್ಚುಕಮ್ಮಿ ಅರ್ಧ ಭಾಗ ಅದರಲ್ಲೇ ಕರಗಿದೆ, ಜೊತೆಗೆ ನೀವು ದುಡ್ಡು ಕೊಟ್ಟು ತಂದ ಸೋಡಾ ಕೂಡ. ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತದೆ, ಗದ್ದೆಗೆ ಬಿಟ್ಟರೆ ಮಣ್ಣು ಚೌಳಾಗುತ್ತದೆ. ದೊಡ್ಡ ಮಿಲ್‌ಗಳಲ್ಲಿ ಇದನ್ನು ಗಟ್ಟಿಯಾಗುವವರೆಗೆ ಇಂಗಿಸಿ, ಬಾಯ್ಲರಿನಲ್ಲಿ ಉರಿಸಿ, ಸೋಡಾ ವಾಪಸ್ ಪಡೆಯುತ್ತಾರೆ. ಭತ್ತದ ಹುಲ್ಲು ಸೋಲುವುದು ಇಲ್ಲೇ. ಅದರಲ್ಲಿ ಸಿಲಿಕಾ (ಮರಳಿನಲ್ಲಿರುವ ವಸ್ತುವೇ) ಸುಮಾರು ಶೇ. 10 ಇರುತ್ತದೆ. ಹುಲ್ಲಿನ ಅಂಚು ಕೈ ಕೊಯ್ಯುತ್ತದಲ್ಲ, ಅದೂ ಈ ಸಿಲಿಕಾದ ಕೆಲಸವೇ. ಕಾಸ್ಟಿಕ್‌ನಲ್ಲಿ ಅದು ಕರಗಿ, ಇಂಗಿಸುವಾಗ ಕೊಳವೆಗಳ ಒಳಗೆ ಗಾಜಿನಂತೆ ಕಚ್ಚಿಕೊಳ್ಳುತ್ತದೆ. ನಮ್ಮ ದೇಶದ ಎಷ್ಟೋ ಸಣ್ಣ ಮಿಲ್‌ಗಳು ಹುಲ್ಲು ಬಿಟ್ಟು ರದ್ದಿ ಕಾಗದಕ್ಕೆ ತಿರುಗಿದ್ದಕ್ಕೆ ಈ ಕಪ್ಪು ನೀರೇ ದೊಡ್ಡ ಕಾರಣ.

ಹುಲ್ಲಿನ ಬದಲು ಕಬ್ಬಿನ ಸಿಪ್ಪೆಯಿಂದಲೂ, ಅಂದರೆ ರಸ ಹಿಂಡಿದ ಮೇಲೆ ಉಳಿಯುವ ಜಲ್ಲೆಯಿಂದಲೂ, ಪಲ್ಪ್ ಮಾಡಬಹುದು. ಅದರಲ್ಲಿ ಸಿಲಿಕಾ ಬಹಳ ಕಡಿಮೆ. ಒಳಗಿನ ತಿರುಳನ್ನು ಮಾತ್ರ ಮೊದಲೇ ಉದುರಿಸಬೇಕು. ಅದು ಸೋಡಾ ಹೀರುತ್ತದೆ, ಜಾಲರಿಯಲ್ಲಿ ನೀರು ಇಳಿಯಲು ಬಿಡುವುದಿಲ್ಲ. ಸಿಪ್ಪೆ ಒಂದೇ ಕಡೆ, ಸಕ್ಕರೆ ಕಾರ್ಖಾನೆಯ ಅಂಗಳದಲ್ಲೇ ರಾಶಿ ಬೀಳುವುದೂ ದೊಡ್ಡ ಅನುಕೂಲ. ಹುಲ್ಲಾದರೆ ಹೊಲಹೊಲ ಸುತ್ತಬೇಕು. ಲಾರಿ ತುಂಬುತ್ತದೆ, ತೂಕ ಬರುವುದಿಲ್ಲ. ಆದರೆ ಸಿಪ್ಪೆಯೂ ಪುಕ್ಕಟೆಯಲ್ಲ. ಕಾರ್ಖಾನೆಗೆ ಅದೇ ಸೌದೆ. ತಮಿಳುನಾಡಿನ ಕರೂರು ಬಳಿ 1984ರಲ್ಲಿ ಉತ್ಪಾದನೆ ಶುರು ಮಾಡಿದ ಸರ್ಕಾರಿ ಕಾಗದ ಮಿಲ್ ಟಿಎನ್‌ಪಿಎಲ್, ಸಕ್ಕರೆ ಕಾರ್ಖಾನೆಗಳಿಗೆ ಬೇರೆ ಇಂಧನದ ವ್ಯವಸ್ಥೆ ಮಾಡಿಕೊಟ್ಟು ಸಿಪ್ಪೆ ಪಡೆಯುವ ದಾರಿ ಹಿಡಿಯಿತು. ನನ್ನ ಪ್ರಕಾರ ಆ ಒಪ್ಪಂದ ಅವರ ಯಂತ್ರಗಳಷ್ಟೇ ಮುಖ್ಯ.

ಹುಲ್ಲೇ ಬೇಕು ಅನ್ನುವವರು ಬಿಳಿ ಹಾಳೆಯ ಆಸೆ ಬಿಡಿ. ಮೊಟ್ಟೆ ಟ್ರೇ, ಒರಟು ರಟ್ಟಿಗೆ ಪೂರ್ತಿ ಬೇಯಿಸಬೇಕಿಲ್ಲ, ಬ್ಲೀಚೂ ಬೇಡ. ಕಪ್ಪು ನೀರು ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಕಾಸ್ಟಿಕ್ ಸೋಡಾ ಬದಲು ಕಾಸ್ಟಿಕ್ ಪೊಟ್ಯಾಶ್ ಬಳಸಿ, ಉಳಿದ ನೀರನ್ನು ಹದಮಾಡಿ ಗೊಬ್ಬರವಾಗಿ ಬಳಸುವ ಪ್ರಯೋಗಗಳೂ ನಡೆದಿವೆ. ಪೊಟ್ಯಾಶ್‌ಗೆ ಬೆಲೆ ಜಾಸ್ತಿ. ಮಿಷಿನ್ ಕೊಟೇಶನ್ ತರಿಸುವ ಮೊದಲು ಆ ಲೆಕ್ಕ ಹಾಕಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೂ ಒಮ್ಮೆ ಹೋಗಿ ಬನ್ನಿ.