ಎರಡು ಕೌನ್ಸಿಲ್, 150 ಗಂಟೆ: ಗಡಿನಾಡಿನ ನರ್ಸ್‌ಗಳ ರಿನಿವಲ್ ಲೆಕ್ಕ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ ಕಡೆಯ ಮಕ್ಕಳು ನರ್ಸಿಂಗ್ ಓದಲು ಹೋಗುವುದು ಹೆಚ್ಚಾಗಿ ಮಂಗಳೂರಿಗೆ. ಅನೇಕರಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಡಿಗ್ರಿ ಸಿಗುತ್ತದೆ, ಮೊದಲ ನೋಂದಣಿ ಬೆಂಗಳೂರಿನ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ಆಗುತ್ತದೆ. ಆಮೇಲೆ ಕಾಸರಗೋಡಿನಲ್ಲೋ ಕಾಞಂಗಾಡಿನಲ್ಲೋ ಕೆಲಸ ಸಿಕ್ಕಿದರೆ ಕರ್ನಾಟಕದ ನಂಬರ್ ಸಾಲದು. ತಿರುವನಂತಪುರದ ಕೇರಳ ನರ್ಸಸ್ ಅಂಡ್ ಮಿಡ್‌ವೈವ್ಸ್ ಕೌನ್ಸಿಲಿನಲ್ಲೂ ಹೆಸರು ಬರಬೇಕು. ಅಲ್ಲಿನ ಕಾಯ್ದೆ 1953ರದ್ದು, ಕರ್ನಾಟಕದ್ದು 1961ರದ್ದು. ಎರಡು ಕಾಯ್ದೆ, ಎರಡು ರಿಜಿಸ್ಟರ್, ಒಬ್ಬರೇ ನರ್ಸ್. ಕೆಲಸಕ್ಕೆ ಸೇರುವ ಗಡಿಬಿಡಿಯಲ್ಲಿ ಇದನ್ನು ಹೇಗೋ ಮುಗಿಸಿಕೊಳ್ಳುತ್ತಾರೆ. ತೊಡಕು ಕಾಣುವುದು ಐದು ವರ್ಷ ಕಳೆದು ನೋಂದಣಿಯ ರಿನಿವಲ್ ಬಂದಾಗ.

ಭಾರತೀಯ ನರ್ಸಿಂಗ್ ಕೌನ್ಸಿಲ್ ಹಾಕಿಕೊಟ್ಟ ಲೆಕ್ಕ ಸರಳ. ಐದು ವರ್ಷಕ್ಕೊಮ್ಮೆ ರಿನಿವಲ್, ಅದಕ್ಕೆ 150 ಗಂಟೆಯ ಮುಂದುವರಿದ ನರ್ಸಿಂಗ್ ಶಿಕ್ಷಣ, ಅಂದರೆ ನಾವೆಲ್ಲ ಸಿಎನ್‌ಇ ಎನ್ನುವುದು. ವರ್ಷಕ್ಕೆ 30 ಗಂಟೆ. ಬೆಳಿಗ್ಗೆ 9ರಿಂದ ಸಂಜೆ 4:30ರವರೆಗಿನ ಒಂದು ದಿನದ ವರ್ಕ್‌ಶಾಪಿಗೆ ಸಾಮಾನ್ಯವಾಗಿ 6 ಗಂಟೆಯಷ್ಟೇ ಕ್ರೆಡಿಟ್. ಊಟ, ಚಹಾ, ದೀಪ ಬೆಳಗುವುದು, ಅತಿಥಿಗಳಿಗೆ ಶಾಲು ಹೊದಿಸುವುದು ಯಾವುದೂ ಲೆಕ್ಕಕ್ಕಿಲ್ಲ. (ಕೆಲವು ಕಡೆ ಶಾಲಿನ ಭಾಗವೇ ಅರ್ಧ ದಿನ ತಿನ್ನುತ್ತದೆ, ಅದು ಬೇರೆ ಮಾತು.) ಹಾಗಾಗಿ 150 ಗಂಟೆ ಎಂದರೆ ಇಂಥ 25 ದಿನ. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಐದು ದಿನ, ದೊಡ್ಡ ಭಾರವೇನಲ್ಲ. ನಾಲ್ಕು ವರ್ಷ ಸುಮ್ಮನಿದ್ದು ಕೊನೆಯ ವರ್ಷಕ್ಕೆ ಇಟ್ಟರೆ ತಿಂಗಳಿಗೆ ಎರಡಕ್ಕಿಂತ ಹೆಚ್ಚು ದಿನ ಬೇಕು. ಮೂರು ಶಿಫ್ಟಿನ ರೋಸ್ಟರಿನಲ್ಲಿ ಯಾವ ನರ್ಸಿಂಗ್ ಸೂಪರಿಂಟೆಂಡೆಂಟರೂ ಅಷ್ಟು ರಜೆ ಕೊಡಲಾರರು, ಕೊಡಬೇಕೆಂದು ಮನಸ್ಸಿದ್ದರೂ.

ವರ್ಷದ 30 ಗಂಟೆಗೆ ಒಂದು ಹೊಂದಾಣಿಕೆ ಹೀಗಿರಬಹುದು: ಎರಡು ದಿನದ ಒಂದು ಸಮ್ಮೇಳನದಿಂದ 12, ಒಂದು ದಿನದ ಮೂರು ವರ್ಕ್‌ಶಾಪಿನಿಂದ 18. ನೈಟ್ ಡ್ಯೂಟಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ನೇರ ಮಂಗಳೂರಿನ ರೈಲು ಹತ್ತುವುದು ಬೇಡ. ಹೋದವರು ಹನ್ನೊಂದಕ್ಕೆಲ್ಲ ಕುರ್ಚಿಯಲ್ಲೇ ನಿದ್ದೆ ಹೋಗುತ್ತಾರೆ, ಮಧ್ಯಾಹ್ನದ ಅಟೆಂಡೆನ್ಸ್ ತಪ್ಪಿದರೆ ದಿನದ ಕ್ರೆಡಿಟ್ಟಿಗೇ ಕುತ್ತು. ನೈಟ್ ಆಫಿನ ಎರಡನೇ ದಿನಕ್ಕೆ ಬರುವ ಕಾರ್ಯಕ್ರಮ ಹುಡುಕಿ, ರೋಸ್ಟರ್ ಬರೆಯುವ ಮೊದಲೇ ಅರ್ಜಿ ಕೊಡಿ.

ಇನ್ನು ಮುಖ್ಯ ವಿಷಯ. ಕುಳಿತು ಪಾಠ ಕೇಳಿದ ಮಾತ್ರಕ್ಕೆ ಗಂಟೆ ಬರುವುದಿಲ್ಲ. ಕೌನ್ಸಿಲ್ ಮೊದಲೇ ಅನುಮೋದಿಸಿದ ಕಾರ್ಯಕ್ರಮಕ್ಕೆ ಮಾತ್ರ ಬರುತ್ತದೆ. ಆಸ್ಪತ್ರೆಯೊಳಗೆ ಪ್ರತಿ ತಿಂಗಳು ನಡೆಯುವ ಇನ್‌ಸರ್ವಿಸ್ ಕ್ಲಾಸ್, ಔಷಧ ಕಂಪನಿಯವರು ಊಟ ಹಾಕಿಸಿ ಮಾಡುವ ಸೆಷನ್, ಲಿಂಕ್ ಒತ್ತಿದರೆ ತಾನೇ ಸರ್ಟಿಫಿಕೇಟ್ ಕಳಿಸುವ ವೆಬಿನಾರ್ ಇವೆಲ್ಲ ಜ್ಞಾನಕ್ಕೆ ಒಳ್ಳೆಯದೇ ಇರಬಹುದು, ಅನುಮೋದನೆ ಇಲ್ಲದಿದ್ದರೆ ರಿನಿವಲ್ಲಿಗೆ ಸೊನ್ನೆ. ಹೃದಯ ನಿಂತಾಗ ಜೀವ ಉಳಿಸುವ ತರಬೇತಿಗೆ ಕೊಡುವ ಬಿಎಲ್‌ಎಸ್, ಎಸಿಎಲ್‌ಎಸ್ ಕಾರ್ಡಿನ ವಿಷಯದಲ್ಲೂ ಇದೇ ಗೊಂದಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಕಾರ್ಡಿಗೆ ಎರಡು ವರ್ಷದ ಅವಧಿ, ಅದು ಅವರದೇ ಲೆಕ್ಕ. ಆ ತರಬೇತಿ ನಡೆಸಿದವರು ಕೌನ್ಸಿಲಿನ ಕ್ರೆಡಿಟ್ಟನ್ನೂ ಪಡೆದಿದ್ದರೆ ಮಾತ್ರ ನಿಮಗೆ ಗಂಟೆ.

ಗಡಿಯವರು ಇಲ್ಲೇ ಇನ್ನೊಂದು ಹೆಜ್ಜೆ ಎಡವುತ್ತಾರೆ. ಮಂಗಳೂರಿನ ಕಾಲೇಜು ನಡೆಸುವ ವರ್ಕ್‌ಶಾಪಿಗೆ ಕರ್ನಾಟಕ ಕೌನ್ಸಿಲಿನ ಕ್ರೆಡಿಟ್, ಕಣ್ಣೂರಿನದಕ್ಕೆ ಕೇರಳದ ಕ್ರೆಡಿಟ್. ಒಂದರ ಗಂಟೆ ಇನ್ನೊಂದಕ್ಕೆ ತಾನಾಗಿ ಸಲ್ಲುತ್ತದೆಂದು ನಂಬಿ ಕೂರಬೇಡಿ. ನೀವು ಮೊದಲು ರಿನಿವಲ್ ಮಾಡಬೇಕಾದ್ದು ಯಾವ ರಿಜಿಸ್ಟರ್ ಎಂದು ನೋಡಿ, ಆ ಕೌನ್ಸಿಲಿನ ಹೆಸರು ಬ್ರೋಷರಿನಲ್ಲಿ ಇದೆಯೇ ಎಂದು ನೋಡಿ, ಆಮೇಲೆ ಫೀಸ್ ಕಟ್ಟಿ. ಇನ್ನೊಂದು ಕಡೆಯ ಗಂಟೆಯನ್ನೂ ಸೇರಿಸಿಕೊಳ್ಳಬೇಕೆಂದಿದ್ದರೆ ಕೌನ್ಸಿಲಿಗೆ ಇಮೇಲ್ ಹಾಕಿ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಫೋನಿನಲ್ಲಿ ಯಾರೋ "ಆಗುತ್ತದೆ" ಎಂದದ್ದು ಅರ್ಜಿ ವಾಪಸ್ ಬಂದಾಗ ಕೆಲಸಕ್ಕೆ ಬರುವುದಿಲ್ಲ.

ಹಾಲ್ ಬಿಡುವ ಮೊದಲು ಸರ್ಟಿಫಿಕೇಟನ್ನು ಒಮ್ಮೆ ಪೂರ್ತಿ ಓದಿ. ನೋಂದಣಿಯಲ್ಲಿರುವಂತೆಯೇ ನಿಮ್ಮ ಹೆಸರು, ನಿಮ್ಮ ಆರ್‌ಎನ್ (ನೋಂದಾಯಿತ ನರ್ಸ್) ನಂಬರ್, ದಿನಾಂಕ, ಗಂಟೆಯ ಸಂಖ್ಯೆ, ಕೌನ್ಸಿಲಿನ ಅನುಮೋದನೆಯ ಉಲ್ಲೇಖ, ಸಹಿ, ಸೀಲು ಎಲ್ಲ ಇರಬೇಕು. ಒಂದು ಅಂಕೆ ತಪ್ಪಿದ್ದರೂ ಅಲ್ಲೇ ತಿದ್ದಿಸಿ. ಅಟೆಂಡೆನ್ಸ್ ಶೀಟಿನಲ್ಲಿ ನಂಬರ್ ಬರೆಯುವಾಗ ಅವಸರ ಬೇಡ, ತಪ್ಪು ಬರೆದರೆ ನಿಮ್ಮ ಗಂಟೆ ನಿಮ್ಮ ಹೆಸರಿಗೆ ಕೂಡದೆ ಉಳಿಯುತ್ತದೆ. ಇಲ್ಲಿ ಇನ್ನೂ ಒಂದು ಎಚ್ಚರ: ಎರಡು ರಾಜ್ಯದ ಎರಡು ನಂಬರ್ ಇರುವವರು ಕಾರ್ಯಕ್ರಮ ಯಾವ ಕೌನ್ಸಿಲಿನದೋ ಆ ನಂಬರನ್ನೇ ಬರೆಯಬೇಕು. ಕಾಸರಗೋಡಿನ ಬಹಳ ಮಂದಿ ಅಭ್ಯಾಸಬಲದಿಂದ ಕೇರಳದ ನಂಬರನ್ನೇ ಎಲ್ಲ ಕಡೆ ಬರೆದುಬಿಡುತ್ತಾರೆ.

ಹೆಸರಿನ ಗೋಳು ಇನ್ನೂ ದೊಡ್ಡದು. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಮನೆ ಹೆಸರಿನ ಇನಿಷಿಯಲ್, ಆಧಾರಿನಲ್ಲಿ ಅಪ್ಪನ ಪೂರ್ತಿ ಹೆಸರು, ಮದುವೆಯ ನಂತರದ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು. ಕನ್ನಡದ ಹೆಸರು ಮಲಯಾಳಂ ಕಚೇರಿಯ ಮೂಲಕ ಇಂಗ್ಲಿಷಿಗೆ ಹೋಗುವಾಗ ಶಶಿಕಲಾ ಒಂದು ಕಡೆ ಎಚ್ ಇಟ್ಟುಕೊಳ್ಳುತ್ತಾಳೆ, ಇನ್ನೊಂದು ಕಡೆ ಬಿಡುತ್ತಾಳೆ. ರಾಷ್ಟ್ರೀಯ ನರ್ಸ್ ನೋಂದಣಿ ವ್ಯವಸ್ಥೆಯಾದ ಎನ್‌ಆರ್‌ಟಿಎಸ್‌ನಲ್ಲಿ ಆಧಾರ್ ಜೋಡಿಸಿ ಎನ್‌ಯುಐಡಿ ಎಂಬ ಗುರುತು ಸಂಖ್ಯೆ ಕೊಡುವುದರಿಂದ ಈ ವ್ಯತ್ಯಾಸ ಅಲ್ಲೇ ಸಿಕ್ಕಿಬೀಳುತ್ತದೆ. ಕೇರಳದಲ್ಲಿ ಇದಕ್ಕೆ "ಒನ್ ಅಂಡ್ ದಿ ಸೇಮ್" ಸರ್ಟಿಫಿಕೇಟ್ ಇದೆ: ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿದರೆ ವಿಲೇಜ್ ಆಫೀಸಿನಿಂದ ಬರುತ್ತದೆ, ಎರಡೂ ಹೆಸರು ಒಬ್ಬರದೇ ಎಂದು ದೃಢೀಕರಿಸುತ್ತದೆ. ಸ್ಪೆಲ್ಲಿಂಗ್, ಇನಿಷಿಯಲ್‌ನಂಥ ಸಣ್ಣ ವ್ಯತ್ಯಾಸಕ್ಕೆ ಇದನ್ನು ಪ್ರಯತ್ನಿಸಬಹುದು. ಹೆಸರೇ ಬದಲಾಗಿದ್ದರೆ ಗೆಜೆಟ್ ಪ್ರಕಟಣೆಯ ದಾರಿ ಹಿಡಿಯಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ರಿನಿವಲ್ಲಿನ ವರ್ಷ ಬರುವ ಮೊದಲೇ ಮಾಡಿ ಮುಗಿಸಿ.

ಕಡತ ಇಡುವುದು ಕಷ್ಟವಲ್ಲ, ಆದರೂ ಇಡುವವರು ಕಡಿಮೆ. ಒಂದು ನೋಟ್‌ಬುಕ್ ಸಾಕು: ದಿನಾಂಕ, ವಿಷಯ, ನಡೆಸಿದವರು, ಯಾವ ಕೌನ್ಸಿಲ್, ಗಂಟೆ, ಈವರೆಗಿನ ಮೊತ್ತ. ಸರ್ಟಿಫಿಕೇಟನ್ನು ಅದೇ ವಾರ ಸ್ಕ್ಯಾನ್ ಮಾಡಿ ಇಮೇಲಿನಲ್ಲಿ ಇಡಿ. ವಾರ್ಡಿನ ಲೈಟಿನಲ್ಲಿ ಮೊಬೈಲಿನಿಂದ ಹೊಡೆದ ಫೋಟೊದಲ್ಲಿ ಸೀಲು ಓದಲಾಗುವುದಿಲ್ಲ.

ಯಾವ ವಿಷಯ ಆರಿಸಬೇಕು? ಹತ್ತಿರದ್ದು, ಅಗ್ಗದ್ದು ಎಂದು ಆರಿಸುವವರೇ ಹೆಚ್ಚು. ತಪ್ಪೆನ್ನಲಾಗದು, ಸಂಬಳ ಅಷ್ಟೇ ಇರುವಾಗ. ಆದರೆ ಓದಿದ್ದು ಎಷ್ಟು ಬೇಗ ಹಳತಾಗುತ್ತದೆ ನೋಡಿ. 1998ರ ಜೈವಿಕ ತ್ಯಾಜ್ಯ ನಿಯಮ ಓದಿದವರಿಗೆ ಅವಧಿ ಮೀರಿದ ಔಷಧ ಎಂದರೆ ಕಪ್ಪು ಚೀಲ. 2016ರ ನಿಯಮದಲ್ಲಿ ಅದು ಹಳದಿಗೆ ಬಂತು. ಸೂಜಿಗೆ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿ, ಸೂಜಿ ತೆಗೆದ ಐವಿ ಸೆಟ್ಟಿಗೆ ಕೆಂಪು, ಗಾಜಿಗೆ ನೀಲಿ. 2010ಕ್ಕಿಂತ ಮೊದಲು ಸಿಪಿಆರ್ ಕಲಿತವರ ಕೈ ಇಂದಿಗೂ ಮೊದಲು ಶ್ವಾಸನಾಳಕ್ಕೆ ಹೋಗುತ್ತದೆ. ಈಗ ಮೊದಲು ಎದೆ ಒತ್ತುವುದು: ದೊಡ್ಡವರಿಗೆ ನಿಮಿಷಕ್ಕೆ 100ರಿಂದ 120, ಆಳ 5ರಿಂದ 6 ಸೆಂಟಿಮೀಟರ್. ಇಂಥದ್ದನ್ನು ಸ್ಲೈಡ್ ನೋಡಿ ಕಲಿಯಲಾಗದು, ಬೊಂಬೆಯ ಮೇಲೆ ಕೈಯಿಟ್ಟೇ ಕಲಿಯಬೇಕು. ವರ್ಷದ 30 ಗಂಟೆಯಲ್ಲಿ 12 ಗಂಟೆಯಾದರೂ ಕೈ ಕೆಲಸ ಮಾಡುವ ವರ್ಕ್‌ಶಾಪಿಗೆ, ಅದೂ ನಿಮ್ಮದೇ ವಾರ್ಡಿನ ವಿಷಯಕ್ಕೆ ಇರಲಿ. ಡಯಾಲಿಸಿಸ್ ಯೂನಿಟಿನವರು ಹೆರಿಗೆ ವರ್ಕ್‌ಶಾಪಿಗೆ ಹೋಗಿ ಗಂಟೆ ತುಂಬಿಸಿದರೆ ಕೌನ್ಸಿಲ್ ಕೇಳದಿರಬಹುದು, ನಷ್ಟ ಮಾತ್ರ ಅವರದೇ.

ಬ್ರಿಟನ್ನಿಗೆ ಹೋಗುವ ಯೋಚನೆ ಇರುವವರು ಅಲ್ಲಿನ ಕ್ರಮ ತಿಳಿದಿದ್ದರೆ ಒಳ್ಳೆಯದು. ಅಲ್ಲಿ ಮೂರು ವರ್ಷಕ್ಕೊಮ್ಮೆ ನವೀಕರಣ. 35 ಗಂಟೆ ಕಲಿಕೆ, ಅದರಲ್ಲಿ 20 ಗಂಟೆ ಇತರರೊಂದಿಗೆ ಸೇರಿ ಕಲಿತದ್ದಿರಬೇಕು, ಜತೆಗೆ 450 ಗಂಟೆ ಕೆಲಸ. ಕಲಿತದ್ದರಿಂದ ಕೆಲಸದಲ್ಲಿ ಏನು ಬದಲಾಯಿತು ಎಂದು ಐದು ಬರಹವನ್ನೂ ಬರೆದಿಡಬೇಕು. ನಮ್ಮ 150ಕ್ಕೆ ಹೋಲಿಸಿದರೆ ಗಂಟೆ ಕಡಿಮೆ, ಕೇಳುವ ಪ್ರಶ್ನೆ ಗಟ್ಟಿ. ಪ್ರತಿ ಸರ್ಟಿಫಿಕೇಟಿನ ಜೆರಾಕ್ಸ್ ಹಿಂದೆ ಎರಡು ಸಾಲು ಬರೆಯುವ ರೂಢಿ ಈಗಲೇ ಮಾಡಿಕೊಂಡರೆ ಮುಂದೆ ಹುಡುಕಾಟ ತಪ್ಪುತ್ತದೆ.

ಕೇರಳದಲ್ಲಿ ಕೆಲಸ ಎಂದು ಕರ್ನಾಟಕದ ನೋಂದಣಿಯನ್ನು ಸಾಯಲು ಬಿಡುವುದು ಈ ಕಡೆ ಬಹಳ ಕಾಣುವ ತಪ್ಪು. ಗಲ್ಫಿಗೋ ಯುರೋಪಿಗೋ ಹೊರಟಾಗ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟನ್ನೋ ವೆರಿಫಿಕೇಷನ್ನನ್ನೋ ಮೊದಲ ನೋಂದಣಿಯ ಕೌನ್ಸಿಲಿನಿಂದಲೇ ಕೇಳುವುದುಂಟು. ಅವಧಿ ಮುಗಿದಿದ್ದರೆ ಮೊದಲು ದಂಡ ಕಟ್ಟಿ ಅದನ್ನು ಎಬ್ಬಿಸಬೇಕು, ಅಷ್ಟರಲ್ಲಿ ವೀಸಾದ ದಿನ ಓಡುತ್ತಿರುತ್ತದೆ. ಎರಡೂ ಕಾರ್ಡಿನ ಕೊನೆಯ ದಿನಾಂಕವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ, ಆರು ತಿಂಗಳು ಹಿಂದಿನ ದಿನಕ್ಕೆ ಮೊಬೈಲಿನಲ್ಲಿ ನೆನಪು ಹಾಕಿ. ಆರ್‌ಎನ್ ಜತೆ ಆರ್‌ಎಂ (ನೋಂದಾಯಿತ ಮಿಡ್‌ವೈಫ್) ಇರುವವರು ಅರ್ಜಿಯಲ್ಲಿ ಎರಡೂ ಸೇರಿದೆಯೇ ಎಂದು ನೋಡಿಕೊಳ್ಳಿ. ಫೀಸ್ ಕಟ್ಟಿದ ರಸೀದಿಯನ್ನೂ ಅರ್ಜಿ ನಂಬರನ್ನೂ ಹೊಸ ಕಾರ್ಡ್ ಬರುವ ತನಕ ಆಸ್ಪತ್ರೆಯ ಎಚ್‌ಆರ್ ಫೈಲಿನಲ್ಲಿ ಇಡಿಸಿ. ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ಎನ್‌ಎಬಿಎಚ್‌ನಿಂದ ತಪಾಸಣೆಗೆ ಬಂದವರು ನರ್ಸ್‌ಗಳ ನೋಂದಣಿಯ ದಾಖಲೆ ಕೇಳಿದರೆ ತೋರಿಸಲು ನಿಮ್ಮ ಹತ್ತಿರ ಅದೊಂದೇ ಕಾಗದ ಇರುತ್ತದೆ.